ಡಬ್ಬಿಗೆ ಸೇರದ ಇಯರ್‌ಫೋನ್

೯ ನವೆಂಬರ್, ಭಾನುವಾರ. ಮಲ್ಲಸಮುದ್ರ

ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಒಳಗೆ ಹಾಸಿಗೆಯ ಮೇಲಿದ್ದ ಕೂಸು ಕೆಮ್ಮಿತು. ಆಮೇಲೆ ಸದ್ದೇ ಇಲ್ಲ. ಓಡಿದೆ. ಸನ್ನಿಧಿಯ ತುಟಿ ನೀಲಿಗಟ್ಟಿತ್ತು. ಮುಂಗೈ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಬಡಿದೆ, ಮತ್ತೆ ಬಡಿದೆ. ಇಯರ್‌ಫೋನಿನ ರಬ್ಬರ್ ತುದಿ ಹೊರಬಿತ್ತು. ಕೂಸು ಅತ್ತಾಗ ಅಷ್ಟು ಸಮಾಧಾನ ಎಂದೂ ಆಗಿರಲಿಲ್ಲ.

ಅತ್ತೆ ಭಜನೆ ಕೇಳಿ, ಇಯರ್‌ಫೋನನ್ನು ಡಬ್ಬಿಗೆ ಹಾಕದೆ ದಿಂಬಿನ ಹತ್ತಿರ ಬಿಟ್ಟಿದ್ದರು. ಖಾಲಿ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದರು.

ಇವರು ಹೊಲದಿಂದ ಬಂದವರೇ ಕೇಳಿದರು: "ಯಾರ ಇಟ್ಟಿದ್ರು ಇದನ್ನ ಇಲ್ಲೆ?"

ಅತ್ತೆ ನೆಲ ನೋಡಿದರು. ಹೋದ ತಿಂಗಳು ಅವರು ಗ್ಯಾಸ್ ಬಂದ್ ಮಾಡುವುದನ್ನು ಮರೆತಾಗಲೇ ಇವರು, "ಇನ್ನೊಮ್ಮೆ ಹಿಂಗಾದ್ರ ಕೂಸಿನ್ನ ಅವ್ವನ ಕೈಯಾಗ ಕೊಡಬ್ಯಾಡ" ಎಂದಿದ್ದರು.

"ನಾನರೀ," ಎಂದೆ.

ಎಷ್ಟು ಬೈದರು. ಅತ್ತೆ ತುಟಿ ಬಿಚ್ಚಲಿಲ್ಲ. ಬೈಗುಳಕ್ಕಿಂತ ಅದೇ ಚುಚ್ಚುತ್ತಿದೆ.

ಉಂಡ ಮೇಲೆ ಅತ್ತೆ ಅಡುಗೆಮನೆಗೆ ಬಂದು ಡಬ್ಬಿಯನ್ನು ನನ್ನ ಕೈಗಿಟ್ಟರು. "ಇದು ನಿನ್ನ ಕಡೇನ ಇರ್ಲಿ, ಶೈಲಾ. ಕೂಸಿನ್ನ ಮಾತ್ರ ನನ್ನಿಂದ ದೂರ ಮಾಡಬ್ಯಾಡವಾ."

ಹೂಂ ಅಂದುಬಿಟ್ಟೆ. ನಾಳೆ ನಾನು ಕೆಲಸಕ್ಕೆ ಹೋದ ಮೇಲೆ ಕೂಸಿನ ಹತ್ತಿರ ಇರುವವರು ಅವರೊಬ್ಬರೇ. ಇವರಿಗೆ ಖರೆ ಹೇಳಿದರೆ ಕೂಸಿನಿಂದ ದೂರಾಗಿ ಅತ್ತೆ ಉಳಿಯುವುದಿಲ್ಲ. ಹೇಳದಿದ್ದರೆ ನಾಳೆ ಮತ್ತೆ ಕೂಸಿನ ಬಾಯಿಗೆ ಏನು ಸಿಗುತ್ತದೋ.