ಆರತಿ ಎತ್ತಿಸಿಕೊಂಡ ಬಣ್ಣ

ಫೆಬ್ರವರಿ ೩೦, ೨೩೧೦

ಬಹಳ ಹಿಂದಿರುವ ನನ್ನ ಹಿರಿಯರಿಗೆ ಹುಲಿಗೆಮ್ಮನ ನಮಸ್ಕಾರಗಳು. ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ತುಂಗಭದ್ರೆಯ ಬಯಲಿನ ನಮ್ಮೂರಲ್ಲಿ ನಾನು ಕತ್ತಲಮನೆ ನೋಡಿಕೊಳ್ಳುವವಳು. ಹಳೆಯ ಗಣಿಯ ಸುರಂಗದೊಳಗೆ, ಹೊರಗಿನ ಬೆಳಕು ಒಂದಿಷ್ಟೂ ನುಸುಳದ ಕೋಣೆ ಅದು. ಜೀವಕೋಶಗಳು ಸದಾ ಬೆಳಕು ಚೆಲ್ಲುತ್ತವೆ, ಕಣ್ಣಿಗೆ ಕಾಣದಷ್ಟು. ಆಮ್ಲಜನಕವೇ ಹಿಡಿತ ತಪ್ಪಿ ಕೋಶವನ್ನು ಒಳಗಿಂದ ಸುಡತೊಡಗಿದರೆ ಆ ಬೆಳಕು ಹೆಚ್ಚುತ್ತದೆ. ಅದನ್ನು ಎಣಿಸುವ ಯಂತ್ರಕ್ಕೆ ನಾವು ಹನಿಗಣ್ಣು ಎನ್ನುತ್ತೇವೆ. ಹೊಸ ಬಾವಿ ತೋಡಿದಾಗ, ಅದರ ಮೊದಲ ಕೊಡ ಕುಡಿಯುವವರ ಕೆನ್ನೆಯೊಳಗಿನ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಆ ನೀರು ಹನಿಸಿ, ಹನಿಗಣ್ಣಿನ ಕೆಳಗಿಡುತ್ತೇವೆ. ಅಂದು ನಾನು ಬಿಸಿಲಿಗೆ ಹೋಗುವಂತಿಲ್ಲ. ಬಿಸಿಲು ತಾಗಿದ ಚರ್ಮವೂ ಸ್ವಲ್ಪ ಹೊತ್ತು ಮಿನುಗಿ ಲೆಕ್ಕ ಕೆಡಿಸುತ್ತದೆ. ಅದಕ್ಕೇ ಊರವರು ನನ್ನನ್ನು ಗೂಬೆ ಎಂದು ಕಾಡಿಸುತ್ತಾರೆ.

ಮೊದಲ ಕೊಡ ಬಸುರಿಗೆ, ಅದು ಪದ್ಧತಿ. ಈ ಸಲದ ಬಸುರಿ ನನ್ನ ಮಗಳು ಪಂಪಾ.

ನಿನ್ನೆ ಚಾವಡಿಯ ಪರದೆಯ ಮೇಲೆ ಫಲಿತಾಂಶ ಮೂಡಿತು. ತಟ್ಟೆ ತುಂಬ ಹೊನ್ನಿನ ಬೆಳಕು! ಈಗ ಬತ್ತಿಹೋಗಿರುವ ಹಳೆಯ ಬಾವಿಗಳೆಲ್ಲ ಮಂಕಾಗಿಯೇ ಕಂಡಿದ್ದವು, ನೀರೂ ಚೆನ್ನಾಗಿತ್ತು. ಇಂಥ ಹೊಳಪನ್ನು ಯಾರೂ ಕಂಡಿರಲಿಲ್ಲ. ಊರಿಗೆ ಊರೇ ಕೈಮುಗಿಯಿತು. ಯಾರೋ ಪರದೆಗೆ ಕುಂಕುಮ ಹಚ್ಚಿ ಆರತಿಯನ್ನೂ ಎತ್ತಿದರು. ಇದು ಸಂಕಟದ ಬೆಳಕು, ಬಾವಿ ಮುಚ್ಚಿ ಎಂದು ನಾನು ಗಂಟಲು ಹರಿದುಕೊಂಡೆ. ಊರ ಹಿರಿಯ ಗಾದಿಲಿಂಗಪ್ಪನವರು, “ದೀಪ ಹಚ್ಚಿದಂಗ ಬೆಳಗಾಕತ್ತೈತಿ, ಅದಕ್ಕ ಕೆಟ್ಟದ್ದು ಅಂತೀಯಲ್ಲವ್ವಾ!” ಎಂದು ಬಾಯಿ ಮುಚ್ಚಿಸಿದರು. ಪಂಪಾ ಕೂಡ ಸಿಡಿದಳು: “ಊರೆಲ್ಲಾ ಬೆಳಕು ಅಂದ್ರ ನೀ ಒಬ್ಬಾಕಿ ಬೆಂಕಿ ಅಂತಿ. ಆ ಕೆರಿ ಉಪ್ಪುನೀರು ಇನ್ನ ಎಷ್ಟು ದಿನ ಕುಡೀಲಿ?” ಅವರು ಆರತಿ ಎತ್ತಿದ್ದು ನನ್ನ ಮಗಳ ಉರಿಯುವ ಕೋಶಗಳಿಗೆ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಸಿಟ್ಟೇರಿತು.

ಆ ಸಿಟ್ಟಿನಲ್ಲಿ ಸ್ವಲ್ಪ ನಿಮ್ಮ ಪಾಲಿಗೂ ಇದೆ. ಹನಿಗಣ್ಣಿನ ಮೊದಲ ಯಂತ್ರಗಳನ್ನು ನಿಮ್ಮ ಕಾಲದಲ್ಲಿ ಕಟ್ಟುತ್ತಿರುವವರು ನೀವು. ಎಣಿಕೆಯನ್ನು ಚಿತ್ರವಾಗಿಸುವಾಗ ಹೆಚ್ಚು ಬೆಳಕಿದ್ದ ಕಡೆಗೆ ಹೊನ್ನಿನ ಬಣ್ಣ ಬಳಿದವರೂ ನೀವೇ, ಚೆಂದ ಕಾಣಲಿ ಎಂದಿರಬೇಕು. ಇಲ್ಲಿಯವರೆಗೆ ಯಾರೂ ಅದನ್ನು ಬದಲಿಸಿಲ್ಲ; ಇವತ್ತು ನಾನು ಬದಲಿಸಿದರೆ ಮೋಸ ಎನ್ನುತ್ತಾರೆ. ದೀಪ ಕಂಡರೆ ಕೈಮುಗಿಯುವುದನ್ನು ನಮಗೆ ಕಲಿಸಿದವರೇ ನೀವಲ್ಲವೇ? ದಯವಿಟ್ಟು ಆ ಬಣ್ಣ ತೆಗೆಯಿರಿ. ಹಸಿ ಗಾಯದ ಬಣ್ಣ ಹಾಕಿ, ನೋಡಿದವರು ಹಿಂದೆ ಸರಿಯುವಂತಿರಲಿ.

ಇದನ್ನು ಬಾವಿಯ ಮುಚ್ಚಳದ ಮೇಲೆ ಕೂತು ಬರೆಯುತ್ತಿದ್ದೇನೆ. ಪಂಪಾ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಬರುತ್ತಿದ್ದಾಳೆ, ಹಿಂದೆ ಊರೆಲ್ಲ. ಅವಳು ಕೂಗಾಡಲಿ, ಜೀವಮಾನವಿಡೀ ನನ್ನ ಜೊತೆ ಮಾತು ಬಿಡಲಿ. ಮಾತು ಬಿಡುವುದಕ್ಕಾದರೂ ಅವಳು ಬದುಕಿರಬೇಕಲ್ಲ. ನಾನು ಏಳುವುದಿಲ್ಲ.