ಎರಡು ಸಲ ಸ್ವಿಚ್ಚು

14 ಅಕ್ಟೋಬರ್ 2024, ಸೋಮವಾರ. ಮದ್ದೂರು

ಬೆಳಗಿನ ಆರೂವರೆಯ ರೇಡಿಯೋ ಕಾರ್ಯಕ್ರಮ ಮುಗಿಸಿ ಬಂದೆ. ನಾಲೆಗೆ ನೀರು ಬಿಡುವ ದಿನ, ರೇಷ್ಮೆಗೂಡಿನ ದರ, ಗೆಜ್ಜಲಗೆರೆಯಲ್ಲಿ ಕಳೆದುಹೋದ ಹಸು. ಹಸುವಿನ ಹತ್ತಿರ ಬರುವಾಗ ಗಂಟಲು ಕೈಕೊಟ್ಟಿತು. ಮಂಜುಶ್ರೀ ತಕ್ಷಣ ಹಾಡು ಹಾಕಿದಳು. ಚೂಟಿ ಹುಡುಗಿ. ಸ್ಟೇಷನ್ನಿನ ಕೆಲಸವೆಲ್ಲ ಅವಳದು, ಮಾತು ಮಾತ್ರ ನನ್ನದು.

"ಪಾಷಾ ಸಾರ್, ಮೂರು ತಿಂಗಳಿಂದ ಇದೇ ಆಯ್ತು. ಡಾಕ್ಟ್ರಿಗೆ ತೋರ್ಸಿ ಮೊದ್ಲು."

ಹದಿನೆಂಟು ವರ್ಷ ಸೈನ್ಯದಲ್ಲಿ ವೈರ್‌ಲೆಸ್ ಆಪರೇಟರ್. ಆಮೇಲೆ ಇಪ್ಪತ್ನಾಲ್ಕು ವರ್ಷ ಮೈಸೂರು ಆಕಾಶವಾಣಿ. ಈಗ ಹದಿಮೂರು ವರ್ಷದಿಂದ ಊರಿನ ಈ ಪುಟ್ಟ ರೇಡಿಯೋ. ಗಂಟಲು ಸವೆಯದೆ ಇನ್ನೇನು? ಕಬ್ಬಿಣದ್ದೇನಲ್ಲವಲ್ಲ.

28 ಅಕ್ಟೋಬರ್

ಮಂಡ್ಯದ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಕ್ಯಾನ್ಸರ್. ಧ್ವನಿಪೆಟ್ಟಿಗೆ ಪೂರಾ ತೆಗೆಯಬೇಕು. ನವೆಂಬರ್ ಹದಿನೆಂಟು, ಮೈಸೂರಿನಲ್ಲಿ. ಕತ್ತಿನಲ್ಲಿ ತೂತು, ಉಸಿರಾಟ ಅಲ್ಲಿಂದಲೇ. ಮಾತು ಇಲ್ಲ.

ಮಗಳು ಜಾಕಿಯಾ ಕಾರಿಡಾರಿನಲ್ಲೇ ಅತ್ತಳು. "ಜೀವ ಉಳಿದ್ರೆ ಸಾಕಲ್ವಾ ಅಬ್ಬಾ?"

ಸಾಕು. ಆದರೆ ಒಂದು ಮಾತು ಬಾಕಿ ಇದೆ. ಬೆಸಗರಹಳ್ಳಿಯ ಮರಿತಾಯಮ್ಮನಿಗೆ ಹೇಳಬೇಕಾದದ್ದು. ನನ್ನ ಜೊತೆ ಸೈನ್ಯದಲ್ಲಿದ್ದು, ಎಪ್ಪತ್ತೊಂದರ ಯುದ್ಧದಲ್ಲಿ ಸತ್ತ ಸಿದ್ದರಾಜುವಿನ ಹೆಂಡತಿ. ಓದು ಬರಹ ಬಾರದು. ಬರೆದು ಕೊಟ್ಟರೆ ಮತ್ತೊಬ್ಬರು ಓದಿ ಹೇಳಬೇಕು. ಅದು ನನ್ನ ಬಾಯಿಂದಲೇ ಬರಬೇಕು.

ಇಪ್ಪತ್ತೊಂದು ದಿನ ಉಳಿದಿದೆ.

3 ನವೆಂಬರ್, ಭಾನುವಾರ

ಬೆಳಗಿನ ಬಸ್ಸಿಗೇ ಬೆಸಗರಹಳ್ಳಿಗೆ ಹೋದೆ. ಮರಿತಾಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕಿಟಕಿಯ ಸರಳಿಗೆ ರೇಡಿಯೋ ನೇತುಹಾಕಿತ್ತು.

"ಬಾ ಪಾಸಣ್ಣ. ದನಿ ಯಾಕಪ್ಪ ಅಂಗಾಗದೆ? ದಿನಾ ಬೆಳಗ್ಗೆ ನಿನ್ ದನಿ ಕೇಳುದ್ರೆ ನಮ್ಮೋರೇ ಬಾಗ್ಲಲ್ಲಿ ನಿಂತಂಗಾಯ್ತದೆ ಕಣಪ್ಪ. ಅವ್ರ ಜೊತೇಲಿದ್ದ ದನಿ ಅಲ್ವಾ?"

ಬಾಯಿ ತೆರೆದೆ. "ಅವರೆಕಾಯಿ ಸೊಗಡು ಚೆನ್ನಾಗಿದೆ ತಾಯಮ್ಮ" ಅಂದೆ.

ಥೂ. ಎಪ್ಪತ್ಮೂರು ವರ್ಷದ ಹೇಡಿ. ಒಂದು ಸೇರು ಕಾಳು ಕಟ್ಟಿಕೊಟ್ಟರು. ಮನೆಗೆ ಹೊತ್ತು ತಂದೆ.

15 ನವೆಂಬರ್, ಶುಕ್ರವಾರ

ಕಡೆಯ ಕಾರ್ಯಕ್ರಮ. ಮುಗಿದ ಮೇಲೆ ಮಂಜುಶ್ರೀಗೆ ಹೇಳಿದೆ — ಒಂದು ರೆಕಾರ್ಡಿಂಗ್ ಇದೆ, ಪ್ರಸಾರಕ್ಕಲ್ಲ. ನಾನು ಆಸ್ಪತ್ರೆಗೆ ಸೇರಿದ ಮೇಲೆ ಮರಿತಾಯಮ್ಮನ ಮನೆಗೆ ಹೋಗಿ ಕೇಳಿಸಬೇಕು.

ಹೇಳಿದೆ. ಎಪ್ಪತ್ತೆರಡರಲ್ಲಿ ರಜೆಗೆ ಬಂದಾಗ, ಸಿದ್ದರಾಜು ಸತ್ತ ದಿನ ನನ್ನ ಡ್ಯೂಟಿ ಇರಲಿಲ್ಲ ತಾಯಮ್ಮ ಅಂದಿದ್ದೆನಲ್ಲ, ಅದು ಸುಳ್ಳು. ಸೆಟ್ಟಿನ ಮುಂದೆ ನಾನೇ ಇದ್ದೆ. ವೈರ್‌ಲೆಸ್ ಮೌನದ ಆರ್ಡರ್ ಆಗಿತ್ತು. ಯಾರು ಕೂಗಿದರೂ ಉತ್ತರ ಕೊಡಬಾರದು, ಕೊಟ್ಟರೆ ನಾವಿರುವ ಜಾಗ ಶತ್ರುವಿಗೆ ಸಿಗುತ್ತದೆ. ಮುಂದಿನ ಠಾಣೆಯಿಂದ ಸಿದ್ದರಾಜು ಕೂಗಿದ. ಕೋಡು ಗೀಡು ಬಿಟ್ಟು, ಕನ್ನಡದಲ್ಲಿ. "ಪಾಸಾ, ಗುಂಡು ಬಿದ್ದದೆ ಕಣ್ಲಾ. ಕೇಳ್ತಾ ಇದ್ದೀಯೇನ್ಲಾ?"

ಮಾತಾಡುವಂತಿಲ್ಲದಾಗ ಮೈಕಿನ ಸ್ವಿಚ್ಚು ಎರಡು ಸಲ ಒತ್ತುವುದು ನಮ್ಮ ಆಪರೇಟರುಗಳ ರೂಢಿ. ಟಕ್ ಟಕ್. ಕೇಳಿಸಿತು ಎಂದು ಅರ್ಥ. ಅದನ್ನೂ ಒತ್ತಲಿಲ್ಲ. ಹೆದರಿದೆ. ನಾಲ್ಕು ಸಲ ಕೂಗಿದ.

ಇಷ್ಟು ಹೇಳಿದೆ. ಇನ್ನೊಂದಿತ್ತು. ನಾಲ್ಕನೆಯ ಕೂಗು ಆದ ಮೇಲೆ ಹೆಡ್‌ಫೋನ್ ಕಿತ್ತು ಮಡಿಲಲ್ಲಿಟ್ಟುಕೊಂಡೆ. ಆಮೇಲೆ ಅವನು ಏನು ಹೇಳಿದನೋ ಕೇಳಲಿಲ್ಲ. ಅದನ್ನು ಹೇಳದೆಯೇ ಮೈಕು ಪಕ್ಕಕ್ಕೆ ಸರಿಸಿದೆ.

"ಸಾಕಾ ಸಾರ್?" ಅಂದಳು ಮಂಜುಶ್ರೀ. ಅವಳ ಕಣ್ಣು ಒದ್ದೆ. ಸಾಕು ಅಂದೆ.

17 ನವೆಂಬರ್, ಸಂಜೆ

ಜಾಕಿಯಾ ಫೋನ್ ಹಿಡಿದು ಎದುರು ಕೂತಳು. "ನನ್ನ ಹೆಸ್ರು ಒಂದ್ಸಲ ಕೂಗಿ ಅಬ್ಬಾ. ಇಟ್ಕೋತೀನಿ."

ಮೂರು ಸಲ ಕೂಗಿದೆ. ಮೂರನೆಯದು ಚೆನ್ನಾಗಿ ಬಂತು. ನಾಳೆ ಏಳಕ್ಕೆ ಆಪರೇಷನ್.

9 ಡಿಸೆಂಬರ್

ಮನೆಗೆ ಬಂದು ಎರಡು ದಿನ. ಕೆಮ್ಮಿದರೂ ಕತ್ತಿನಿಂದಲೇ. ಜಾಕಿಯಾ ಸ್ಲೇಟು ಬಳಪ ತಂದುಕೊಟ್ಟಿದ್ದಾಳೆ. ಅಆಇಈ ಕಲಿಯುವ ವಯಸ್ಸು.

ಮಂಜುಶ್ರೀ ಬಂದಿದ್ದಳು. ತಾಯಮ್ಮನಿಗೆ ರೆಕಾರ್ಡಿಂಗ್ ಕೇಳಿಸಿದೆಯಾ ಎಂದು ಬರೆದೆ.

"ಪೂರ್ತಿ ಕೇಳುದ್ರು ಸಾರ್. ಆಮೇಲೆ ಅವ್ರ ಯಜಮಾನ್ರು ಕೂಗಿದ್ದು ಅಂತ ನೀವು ಹೇಳ್ತೀರಲ್ಲ, ಅಷ್ಟನ್ನೇ ಮತ್ತೆ ಮತ್ತೆ ಹಾಕ್ಸಿದ್ರು. ಏಳೆಂಟು ಸಲ."

13 ಡಿಸೆಂಬರ್, ಶುಕ್ರವಾರ

ಮರಿತಾಯಮ್ಮ ಬಂದರು. ಒಬ್ಬರೇ, ಬಸ್ಸಿನಲ್ಲಿ. ಜಾಕಿಯಾ ಕೊಟ್ಟ ಟೀ ಮುಟ್ಟಲಿಲ್ಲ. ನನ್ನ ಕತ್ತಿನ ತೂತನ್ನೇ ನೋಡುತ್ತಾ ಕೂತರು.

"ಐವತ್ತೆರಡು ವರ್ಸ ನನ್ ಮನೇಲಿ ಉಂಡಿದ್ದೀಯಲ್ಲ ಪಾಸಣ್ಣ. ಒಂದಿನಾರ ಬಾಯ್ ಬುಟ್ಯಾ? ಆರ್ಡ್ರು ಮಾಡ್ದೋರ್ ಮೇಲೆ ನಂಗ್ ಸಿಟ್ಟಿಲ್ಲ. ನಿನ್ ಮೇಲದೆ."

ತಲೆ ತಗ್ಗಿಸಿದೆ. ಇಷ್ಟು ವರ್ಷ ಕಾದಿದ್ದು ಈ ಮಾತಿಗೇ ಅನ್ನಿಸಿತು. ನೋವಾಯಿತು, ಹಗುರವೂ ಆಯಿತು.

ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ದನಿ ಇಳಿಯಿತು.

"ಒಂದೇ ಒಂದ್ ಮಾತ್ ಹೇಳು. ಕಡೀಗೆ ನಮ್ಮೋರು ನನ್ ಹೆಸ್ರು ಕೂಗುದ್ರಾ? ಮದ್ವೆಯಾಗಿ ಏಳೇ ತಿಂಗ್ಳು ಕಣಪ್ಪ. ಕೂಗಿದ್ರೆ ಎರಡ್ ಸಲ ತಟ್ಟು. ನಿಮ್ ರೂಢಿ ಅಂಗೇ ತಾನೆ?"

ಗೊತ್ತಿಲ್ಲ. ಕೂಗಿದನೋ ಇಲ್ಲವೋ ಅಲ್ಲಾಹುವಿಗೇ ಗೊತ್ತು. ಸ್ಲೇಟು ತೊಡೆಯ ಮೇಲೇ ಇತ್ತು. 'ಗೊತ್ತಿಲ್ಲ' ಎಂದು ಬರೆದರೆ ಜಾಕಿಯಾ ಓದಿ ಹೇಳುತ್ತಿದ್ದಳು. ಬಳಪ ಹಿಡಿದೆ. ಅವರ ಮುಖ ನೋಡಿದೆ. ಎಪ್ಪತ್ತರ ಮುದುಕಿಯಲ್ಲ, ಹದಿನೇಳರ ಹೆಣ್ಣು ಎದುರು ಕೂತಿತ್ತು.

ಮೇಜಿನ ಮೇಲೆ ತಟ್ಟಿದೆ. ಟಕ್. ಟಕ್.

ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಕಣ್ಣೊರೆಸಿಕೊಂಡು, "ಅಂಗಾರೆ ಸರಿ" ಅಂದರು. ಆರಿದ ಟೀಯನ್ನು ಪೂರ್ತಿ ಕುಡಿದು ಬಸ್ಸಿಗೆ ಹೋದರು.

16 ಡಿಸೆಂಬರ್, ಸೋಮವಾರ. ಬೆಳಗ್ಗೆ 6.50

ರೇಡಿಯೋ ಹಾಕಿದೆ. ಎಪ್ಪತ್ತೊಂದರ ಯುದ್ಧ ಗೆದ್ದ ದಿನ ಇವತ್ತು, ಮಂಜುಶ್ರೀಯೇ ಮಾತಾಡಿದಳು. ನಾಲೆಯ ನೀರು, ಗೂಡಿನ ದರ. ಆಮೇಲೆ — "ಬೆಸಗರಹಳ್ಳಿಯ ಮರಿತಾಯಮ್ಮನವರು ಫೋನ್ ಮಾಡಿ ಒಂದು ಸುದ್ದಿ ತಿಳಿಸಿದ್ದಾರೆ. ಹುತಾತ್ಮರಾದ ಅವರ ಯಜಮಾನರು ಸಿದ್ದರಾಜು, ಕೊನೆಯ ಗಳಿಗೆಯಲ್ಲಿ ತಮ್ಮ ಹೆಂಡತಿಯ ಹೆಸರು ಕೂಗಿದರಂತೆ. ಅದನ್ನು ಕಿವಿಯಾರೆ ಕೇಳಿದವರು ನಮ್ಮ ನಯಾಜ್ ಪಾಷಾ ಸಾರ್..."

ನನ್ನದೇ ಕಾರ್ಯಕ್ರಮ. ನನ್ನದೇ ಸುಳ್ಳು. ಸುತ್ತಲಿನ ಹಳ್ಳಿಗಳಿಗೆಲ್ಲ ಹೋಯಿತು. ಕಿಟಕಿಯ ಸರಳಿನ ಆ ರೇಡಿಯೋದಲ್ಲೂ ಬಂದಿರುತ್ತದೆ. ಪಕ್ಕದ ಮನೆಯವರನ್ನೆಲ್ಲ ಕರೆದು ಕೂರಿಸಿಕೊಂಡು ಕೇಳಿರುತ್ತಾರೆ.

ಮಂಜುಶ್ರೀಗೆ ಒಂದು ಚೀಟಿ ಬರೆಯಬೇಕು. ಅದು ನಿಜವಲ್ಲ, ಹೆಡ್‌ಫೋನ್ ನನ್ನ ಮಡಿಲಲ್ಲಿತ್ತು ಎಂದು. ಹಾಳೆ ತೆಗೆದೆ. 'ಮಂಜುಶ್ರೀ, ಆವತ್ತು ನಾನು' ಅಂತ ಬರೆದು ನಿಲ್ಲಿಸಿದೆ. ಹಾಳೆ ಮಡಚಿ ಈ ಡೈರಿಯೊಳಗೇ ಇಟ್ಟೆ.