ಕಾಲಿನ ತಪ್ಪಲ್ಲ

ಪ್ರೀತಿಯ ಮಾವನವರಿಗೆ ನಮಸ್ಕಾರ.

ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಬರೆಯುತ್ತಾಳಲ್ಲ ಎಂದು ನಗಬೇಡಿ. ಎದುರಿಗೆ ಹೇಳಲು ಬಾಯಿ ಬರುತ್ತಿಲ್ಲ.

ಹೋದ ವಾರ ನೀವು ಕಾರನ್ನು ನನಗೆ ಒಪ್ಪಿಸಿ, "ಮೂವತ್ತು ವರ್ಷ ಬಸ್ಸು ಓಡಿಸಿದ ಕಾಲು ನೋಡಮ್ಮ, ಈಗ ಹಿಡಿತಾನೇ ಇಲ್ಲ. ಸಿಗ್ನಲ್‌ನಿಂದ ಹೊರಡೋವಾಗ ಗಾಡಿ ಗಡಗಡ ನಡುಗುತ್ತೆ" ಅಂದಿರಿ. ಅಂದಿನಿಂದ ಕಾರಿನ ಕೀಲಿಯನ್ನೂ ನೀವು ಮುಟ್ಟಿಲ್ಲ.

ನಿನ್ನೆ ಅದನ್ನು ನಮ್ಮ ಗ್ಯಾರೇಜಿಗೆ ಒಯ್ದೆ. ನಾನು ಓಡಿಸಿದಾಗಲೂ ಅದೇ ನಡುಕ. ದಿಬ್ಬದಲ್ಲಿ ಇಂಜಿನ್ ಅರಚಿತೇ ಹೊರತು ಕಾರು ಏರಲಿಲ್ಲ. ಇದರ ಗೇರ್‌ಬಾಕ್ಸಿನಲ್ಲಿ ಎರಡು ಪುಲ್ಲಿಗಳ ನಡುವೆ ಸ್ಟೀಲ್ ಬೆಲ್ಟು ಓಡುತ್ತದೆ. ಅದಕ್ಕೆಂದೇ ಬೇರೆ ಆಯಿಲ್ ಇದೆ. ಮಾಮೂಲಿ ಗೇರ್ ಆಯಿಲ್ ಹಾಕಿದರೆ ಬೆಲ್ಟು ಜಾರುತ್ತದೆ, ಗಾಡಿ ನಡುಗುತ್ತದೆ. ಆಯಿಲ್ ಇಳಿಸಿ ನೋಡಿದ ನಮ್ಮ ಮೇಸ್ತ್ರಿ, "ಯಾವ ಪುಣ್ಯಾತ್ಮ ಇದನ್ನ ಹಾಕಿದ್ದು?" ಎಂದು ರೇಗಿದರು.

ಹಾಕಿದ್ದು ನಾನೇ, ಮಾವ. ಆರು ತಿಂಗಳ ಹಿಂದೆ ಅವಸರದಲ್ಲಿ ಪಕ್ಕದ ಡಬ್ಬಿ ಎತ್ತಿಕೊಂಡಿದ್ದೆ. ಸೊಸೆಯೇ ಸರ್ವಿಸ್ ಮಾಡಿದ್ದೆಂದು ನೀವು ಬೀದಿಗೆಲ್ಲ ಹೇಳಿಕೊಂಡು ಬಂದಿರಿ. ಆಮೇಲೆ ನನ್ನ ಕೈಯ ತಪ್ಪನ್ನು ನಿಮ್ಮ ಕಾಲಿನ ಮೇಲೆ ಹಾಕಿಕೊಂಡಿರಿ. ಕ್ಷಮಿಸಿ.

ಸದ್ಯ, ಬೆಲ್ಟು ಸವೆದಿಲ್ಲ. ಸರಿಯಾದ ಆಯಿಲ್ ಹಾಕಿದ ಮೇಲೆ ಕಾರು ಬೆಣ್ಣೆಯ ಹಾಗೆ ಹೊರಡುತ್ತಿದೆ. ದಿಬ್ಬದಲ್ಲಿ ಮಾತ್ರ ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಬೇಡಿ.

ನಾಳೆಗೆಂದು ನನ್ನ ಸ್ಕೂಟರನ್ನು ನಿಮ್ಮ ಮಗನಿಗೆ ಕೊಟ್ಟಿದ್ದೇನೆ. ಎಂಟೂವರೆಗೆ ನನ್ನನ್ನು ನೀವೇ ಗ್ಯಾರೇಜಿಗೆ ಬಿಡಬೇಕು. ದಾರಿಯುದ್ದಕ್ಕೂ ಬೈಯುವುದಾದರೆ ಬೈಯಿರಿ, ಪಕ್ಕದಲ್ಲೇ ಕೂತು ಕೇಳುತ್ತೇನೆ.

ಇಂತಿ,
ನಿಮ್ಮ ಮೆಕ್ಯಾನಿಕ್ ಸೊಸೆ